ಅಟ್ಟದಿಂದ ಇಳಿಸಿದ ಹಳೇ ಸ್ಟೀರಿಯೋ ರಿಸೀವರ್: ಪ್ಲಗ್ ಹಾಕುವ ಮುನ್ನ ಇದನ್ನು ಓದಿ

ಹಳೆಯ ರೇಡಿಯೋ, ಸ್ಟೀರಿಯೋ ಸೆಟ್ಟುಗಳ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಇದರೊಳಗೆ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಬೆಲೆ" ಎನ್ನುವುದು ಒಂದು. "ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ ಅನ್ನು ಪ್ಲಗ್ ಹಾಕಿ ಅರ್ಧ ಗಂಟೆ ಬಿಡಿ, ತಾನಾಗಿ ಸರಿಹೋಗುತ್ತದೆ" ಎನ್ನುವುದು ಇನ್ನೊಂದು. ನಾಬ್ ತಿರುಗಿಸಿದಾಗ ಕರಕರ ಎಂದರೆ ಡಬ್ಲ್ಯೂಡಿ-40 ಹೊಡೆಯಿರಿ, ರಿಲೇ ಟಿಕ್ ಎನ್ನದಿದ್ದರೆ ತಂತಿ ಕಟ್ಟಿ ಜೋಡಿಸಿಬಿಡಿ ಎನ್ನುವ ರೀಲ್‌ಗಳೂ ಇವೆ. ಇವುಗಳಲ್ಲಿ ಕೆಲವು ಬರೀ ಸುಳ್ಳು. ಕೆಲವನ್ನು ಪಾಲಿಸಿದರೆ ಸೆಟ್ ಸುಡುತ್ತದೆ. ಒಂದೆರಡನ್ನು ಪಾಲಿಸಿದರೆ ಪ್ರಾಣಕ್ಕೇ ಕುತ್ತು.

ಹಾಗಂತ ಹಳೆಯ ಸೆಟ್ ಮುಟ್ಟಲೇಬಾರದು ಎಂದು ನಾವು ಹೇಳುತ್ತಿಲ್ಲ. 1970ರ ದಶಕದ ಜಪಾನಿ ರಿಸೀವರ್‌ಗಳು ಮನೆಯಲ್ಲೇ ದುರಸ್ತಿ ಮಾಡಬಹುದಾದ ಕೊನೆಯ ತಲೆಮಾರಿನ ಯಂತ್ರಗಳು ಎಂದರೂ ತಪ್ಪಿಲ್ಲ. ಮುಚ್ಚಳ ತೆಗೆದರೆ ಪ್ರತಿಯೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆದರೆ ಕೆಲಸಕ್ಕೆ ಒಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಏನಾಗುತ್ತದೆ, ಯಾಕೆ ಆಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ರಿಸೀವರ್ ಅಂದರೆ ಏನು?

ರೇಡಿಯೋ ಹಿಡಿಯುವ ಟ್ಯೂನರ್, ದನಿಯ ಏರಿಳಿತ ಸರಿಹೊಂದಿಸುವ ಪ್ರೀಆಂಪ್, ಸ್ಪೀಕರನ್ನು ಓಡಿಸುವ ಪವರ್ ಆಂಪ್ಲಿಫೈಯರ್, ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಅದು ರಿಸೀವರ್. ಹಿಂಭಾಗದಲ್ಲಿ ಗ್ರಾಮಫೋನ್ ರೆಕಾರ್ಡ್ ಪ್ಲೇಯರ್ ಮತ್ತು ಟೇಪ್ ಡೆಕ್ ಜೋಡಿಸುವ ತೂತುಗಳಿರುತ್ತವೆ. ಪಯೋನಿಯರ್, ಮರಾಂಟ್ಜ್, ಸಾನ್ಸುಯಿ, ಕೆನ್‌ವುಡ್, ಯಮಾಹಾ ಹೆಸರಿನಲ್ಲಿ ಇಂಥವು ಆಗ ರಾಶಿರಾಶಿಯಾಗಿ ಬಂದವು. ಹೆಚ್ಚಿನವು ಹೋದದ್ದು ಅಮೆರಿಕಕ್ಕೆ. ನಮ್ಮ ಕಡೆ ಇವು ಕಾಣುವುದು ಹೆಚ್ಚಾಗಿ ಗಲ್ಫ್ ನಂಟು ಇದ್ದ ಮನೆಗಳಲ್ಲಿ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಹಳೆಯ ಮನೆಗಳ ಷೋಕೇಸಿನಲ್ಲಿ ಇಂದಿಗೂ ಒಂದೊಂದು ಕೂತಿರುತ್ತದೆ. ಈ ಗಲ್ಫ್ ನಂಟೇ ಒಂದು ದೊಡ್ಡ ಅಪಾಯಕ್ಕೂ ಕಾರಣ. ಅದಕ್ಕೆ ಬರುತ್ತೇವೆ.

ಆ ಕಾಲದ ಸೆಟ್ಟುಗಳು ಅಷ್ಟು ಭಾರ ಇರುವುದೇಕೆ ಎಂದು ಹಲವರು ಕೇಳುತ್ತಾರೆ. ಒಂದು ಕಾರಣ ಕಾನೂನು. ಕಂಪನಿಗಳು ಬಾಯಿಗೆ ಬಂದಷ್ಟು ವ್ಯಾಟ್ ಬರೆದು ಮಾರುತ್ತಿದ್ದುದನ್ನು ತಡೆಯಲು 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಚಾನೆಲ್‌ಗಳೆಲ್ಲ ಒಟ್ಟಿಗೆ ಓಡುತ್ತಿರುವಾಗ, ನಿರಂತರವಾಗಿ ಎಷ್ಟು ವ್ಯಾಟ್ ಕೊಡಬಲ್ಲದೋ ಅಷ್ಟನ್ನೇ ಹೇಳಬೇಕು, ಅಳೆಯುವ ಮೊದಲು ಮೂರನೇ ಒಂದು ಭಾಗದಷ್ಟು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಬಿಸಿ ಮಾಡಿರಬೇಕು ಎಂದಿತು. ಅಷ್ಟು ಬಿಸಿ ತಡೆಯಲು ದೊಡ್ಡ ಟ್ರಾನ್ಸ್‌ಫಾರ್ಮರ್, ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕೇ ಬೇಕು. 1978ರಲ್ಲಿ ಬಂದ ಪಯೋನಿಯರ್ ಎಸ್‌ಎಕ್ಸ್-1980 ಪ್ರತಿ ಚಾನೆಲ್‌ಗೆ 270 ವ್ಯಾಟ್ ಕೊಡುತ್ತಿತ್ತು, ತೂಕ 35 ಕಿಲೋ! ನಮ್ಮಲ್ಲಿ ಮುಂದೆ ಕಂಪ್ಯೂಟರ್ ಸ್ಪೀಕರ್ ಡಬ್ಬಗಳ ಮೇಲೆ '1000 ವ್ಯಾಟ್ ಪಿಎಂಪಿಓ' ಎಂದು ಬರೆದು ಮಾರಿದ್ದು ನೆನಪಿರಬಹುದು. ಆ ಸಂಖ್ಯೆಗೆ ಇಂಥ ಯಾವ ಅಳತೆಯ ಆಧಾರವೂ ಇರಲಿಲ್ಲ. ಹಾಗಾಗಿ ಹಳೆಯ ಸೆಟ್ಟಿನ ಮೇಲೆ '45 ವ್ಯಾಟ್' ಎಂದಿದ್ದರೆ ಕಡಿಮೆಯಾಯಿತು ಎಂದು ಮೂಗು ಮುರಿಯಬೇಡಿ. ಒಂದು ಮಧ್ಯಮ ಕೋಣೆಗೆ ಅದು ಧಾರಾಳ.

ಮೊದಲು ಆ ಕೆಂಪು ಪಾದರಸದ ಕಥೆ

ಹಳೆಯ ರೇಡಿಯೋ, ಟಿವಿ, ಹೊಲಿಗೆ ಯಂತ್ರಗಳಲ್ಲಿ 'ರೆಡ್ ಮರ್ಕ್ಯುರಿ' ಎಂಬ ವಸ್ತು ಇದೆ, ಅದನ್ನು ಕೋಟಿ ಕೊಟ್ಟು ಕೊಳ್ಳುವವರಿದ್ದಾರೆ ಎಂಬ ವದಂತಿ ದಶಕಗಳಷ್ಟು ಹಳೆಯದು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಬ್ಬಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳ ಬೆಲೆ ಗಗನಕ್ಕೇರಿತ್ತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2004ರಲ್ಲೇ ಇಂಥ ವಸ್ತುವೇ ಇಲ್ಲ ಎಂದು ಹೇಳಿತ್ತು. ಪಾದರಸದ ಕೆಂಪು ಸಂಯುಕ್ತಗಳು ಇವೆ, ನಿಜ. ನಮ್ಮ ಇಂಗಳೀಕ ಅಂಥದ್ದೇ. ಆದರೆ ಅದರಲ್ಲಿ ಯಾವ ಪವಾಡವೂ ಇಲ್ಲ, ಅದನ್ನು ರಿಸೀವರ್‌ನಲ್ಲಿ ಹಾಕಿಯೂ ಇಲ್ಲ.

ಹಾಗಾದರೆ ವಿಡಿಯೋದಲ್ಲಿ ತೋರಿಸುವ ಕೆಂಪು ವಸ್ತು ಏನು? ಹಳೆಯ ಸೆಟ್ಟಿನಲ್ಲಿ ಕೆಂಪಗೆ ಕಾಣುವುದು ಹಲವು. ತಿರುಪು, ಸುರುಳಿಗಳು ಅಲುಗಾಡದಿರಲಿ ಎಂದು ಕಾರ್ಖಾನೆಯಲ್ಲಿ ಹಚ್ಚಿದ ಕೆಂಪು ಅರಗು ಅಥವಾ ಬಣ್ಣ, ಹನಿಯ ಆಕಾರದ ಕೆಂಪು ಕೆಪಾಸಿಟರ್, ಸ್ಟೇಷನ್ ತೋರಿಸುವ ಕೆಂಪು ಮುಳ್ಳು. ಇವುಗಳನ್ನು ಕಿತ್ತು ಮಾರಲು ಹೋದವರಿಗೆ ಸಿಗುವುದು ಮುಂಗಡ ಕೇಳುವ ವಂಚಕರು ಮಾತ್ರ. ಉಳಿಯುವುದು ಒಡೆದ ಸೆಟ್. ಸುಸ್ಥಿತಿಯ ಸೆಟ್ಟಿಗೇ ಸಂಗ್ರಹಕಾರರಲ್ಲಿ ಒಳ್ಳೆಯ ಬೆಲೆ ಇದೆ ಎಂಬುದನ್ನು ಈ ಫಾರ್ವರ್ಡ್ ಹೇಳುವುದಿಲ್ಲ.

ಪ್ಲಗ್ ನೋಡಿ ಮೋಸ ಹೋಗಬೇಡಿ

ಈಗ ಮುಖ್ಯ ವಿಷಯ. ನಮ್ಮ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಮೆರಿಕದ್ದು 120 ವೋಲ್ಟ್, ಜಪಾನಿನದ್ದು 100 ವೋಲ್ಟ್. ಗಲ್ಫ್‌ನಲ್ಲಿ ಕುವೈತ್, ದುಬೈ ಕಡೆ ಹೆಚ್ಚುಕಡಿಮೆ ನಮ್ಮಷ್ಟೇ. ಆದರೆ ಸೌದಿಯ ಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು 127 ವೋಲ್ಟ್. ಅಲ್ಲಿಂದ ಬಂದ ಸೆಟ್ಟಿನ ಹಿಂದಿರುವ ವೋಲ್ಟೇಜ್ ಸೆಲೆಕ್ಟರ್ ಇಂದಿಗೂ 120ರ ಮೇಲೆಯೇ ನಿಂತಿರಬಹುದು. ಅಮೆರಿಕಕ್ಕೆಂದೇ ಮಾಡಿದ ಸೆಟ್ಟುಗಳಲ್ಲಿ ಆ ಸೆಲೆಕ್ಟರ್ ಕೂಡ ಇರುವುದಿಲ್ಲ.

120 ವೋಲ್ಟಿನ ಸೆಟ್ಟಿಗೆ 230 ಕೊಟ್ಟರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಅಷ್ಟು ಕಾಂತೀಯ ಹೊರೆ ತಾಳಲಾರದೆ, ಸುರುಳಿಯಲ್ಲಿ ಮಿತಿಮೀರಿ ವಿದ್ಯುತ್ ಹರಿಯುತ್ತದೆ. ಅದೃಷ್ಟ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ, ಅದಕ್ಕೆ ಬದಲಿ ಸಿಗುವುದು ಕಷ್ಟ. ಇನ್ನೊಂದೆಡೆ, ಒಳಗೆ 40 ವೋಲ್ಟ್ ಇರಬೇಕಾದಲ್ಲಿ 75ರ ಆಚೆಗೆ ಹೋಗುತ್ತದೆ. 50 ಅಥವಾ 63 ವೋಲ್ಟ್ ತಾಳುವಂತೆ ಮಾಡಿದ ಕೆಪಾಸಿಟರ್‌ಗಳು ಉಬ್ಬಿ ಸಿಡಿಯುತ್ತವೆ.

"ನಮ್ಮದರಲ್ಲಿ ಇಂಡಿಯನ್ ಪ್ಲಗ್ ಇದೆಯಲ್ಲ" ಎನ್ನುವುದು ಪುರಾವೆ ಅಲ್ಲ. ಯಾರೋ ಎಂದೋ ಚಪ್ಪಟೆ ಪಿನ್ನಿನ ಪ್ಲಗ್ ಕತ್ತರಿಸಿ ನಮ್ಮ ಪ್ಲಗ್ ಹಾಕಿರಬಹುದು. ಸೆಟ್ಟಿನ ಹಿಂಭಾಗದ ಲೋಹದ ಪಟ್ಟಿಯ ಮೇಲೆ ಅಚ್ಚಾದ ವೋಲ್ಟ್, ಹರ್ಟ್ಜ್, ವ್ಯಾಟ್ ಅಂಕಿಗಳನ್ನು ಓದಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸೆಲೆಕ್ಟರ್ ಇದ್ದರೆ 220 ಅಥವಾ 240ಕ್ಕೆ ಬದಲಿಸಿ. ಎರಡೂ ಇದ್ದರೆ 240 ಕ್ಷೇಮ. ಬರೀ 120 ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಸಾಮರ್ಥ್ಯ ಸೆಟ್ಟಿನ ಮೇಲೆ ಬರೆದ ವ್ಯಾಟ್‌ಗಿಂತ ಸಾಕಷ್ಟು ಹೆಚ್ಚಿರಲಿ. ಪಟ್ಟಿಯ ಮೇಲೆ ಬರೀ 60 ಹರ್ಟ್ಜ್ ಎಂದಿದ್ದರೆ, 50 ಹರ್ಟ್ಜ್‌ನಲ್ಲಿ ಆ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ. ಗಾಳಿಯಾಡುವ ಕಡೆ ಇಟ್ಟು ಮೊದಮೊದಲು ಕೈಯಿಟ್ಟು ನೋಡುತ್ತಿರಬೇಕು.

ಸ್ವಿಚ್ ಆಫ್ ಮಾಡಿದರೆ ಸಾಕೇ?

ಸಾಲದು. ಮುಂಭಾಗದ ಪವರ್ ಸ್ವಿಚ್ ಆಫ್ ಇದ್ದರೂ, ಪ್ಲಗ್ ಗೋಡೆಯಲ್ಲಿ ಇರುವಷ್ಟು ಹೊತ್ತು ಆ ಸ್ವಿಚ್ಚಿನ ತನಕ, ಫ್ಯೂಸಿನ ತನಕ ಮನೆಯ ಕರೆಂಟು ಬಂದು ನಿಂತಿರುತ್ತದೆ. ಅಮೆರಿಕದ ಸೆಟ್ಟುಗಳ ಹಿಂದೆ ಬೇರೆ ಉಪಕರಣಗಳಿಗೆ ಕರೆಂಟು ಕೊಡುವ ಸಾಕೆಟ್ಟುಗಳಿರುತ್ತವೆ, ಅವುಗಳಲ್ಲಿ ಕೆಲವು ಸದಾ ಜೀವಂತ. ಆದ್ದರಿಂದ ಮುಚ್ಚಳ ತೆಗೆಯುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು, ಅದು ನಿಮ್ಮ ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿರಬೇಕು.

ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಲೋಟದ ಗಾತ್ರದ ಎರಡು ಡಬ್ಬಿಗಳು ಕಾಣುತ್ತವಲ್ಲ, ಅವೇ. ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಇದು ಸಾಮಾನ್ಯವಾಗಿ 35ರಿಂದ 50 ವೋಲ್ಟ್. ಎರಡರ ನಡುವೆ ಅಳೆದರೆ ಅದರ ಇಮ್ಮಡಿ. ಒಣ ಕೈಗೆ ಇದು ಪ್ರಾಣ ತೆಗೆಯುವುದು ಅಪರೂಪ. ಆದರೆ ಉಂಗುರ, ಕಡಗ, ಸ್ಕ್ರೂಡ್ರೈವರ್ ಅಡ್ಡ ಬಂದರೆ ಲೋಹ ಕರಗುವಷ್ಟು ಕಿಡಿ ಹಾರುತ್ತದೆ, ಚರ್ಮ ಸುಡುತ್ತದೆ. ಹಳೆಯ ವಾಲ್ವ್ ರೇಡಿಯೋಗಳ ಮಾತೇ ಬೇರೆ. ಅಲ್ಲಿ 250-300 ವೋಲ್ಟ್ ಇರುತ್ತದೆ, ಅದು ಕೊಲ್ಲಬಲ್ಲದು. ನಿಮ್ಮಲ್ಲಿರುವುದು ಗಾಜಿನ ವಾಲ್ವ್‌ಗಳ ಸೆಟ್ ಆಗಿದ್ದರೆ ಈ ಲೇಖನವನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ, ಅನುಭವಿಗಳಿಗೆ ಕೊಡಿ.

"ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿದರೆ ಚಾರ್ಜ್ ಹೋಗುತ್ತದೆ" ಎಂಬ ಸಲಹೆ ರೀಲ್‌ಗಳಲ್ಲಿ ಬಹಳ. ಚಾರ್ಜ್ ಹೋಗುತ್ತದೆ, ಜೊತೆಗೆ ಕೆಪಾಸಿಟರಿನ ಒಳಗಿನ ಜೋಡಣೆಯೂ ಹೋಗಬಹುದು. ಸರಿಯಾದ ದಾರಿ: 100 ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಎರಡು ಕ್ಲಿಪ್ ವೈರ್ ಜೋಡಿಸಿ, ಪ್ರತಿ ಕೆಪಾಸಿಟರ್‌ನ ಎರಡು ತುದಿಗಳಿಗೆ ಹಿಡಿಯಿರಿ. 10,000 ಮೈಕ್ರೋಫ್ಯಾರಡ್ ಇದ್ದರೂ ಐದು ಸೆಕೆಂಡಿನಲ್ಲಿ ಬಹುತೇಕ ಖಾಲಿ. ಆಮೇಲೆ ಮಲ್ಟಿಮೀಟರ್ ಇಟ್ಟು ಒಂದು ವೋಲ್ಟಿಗಿಂತ ಕೆಳಗೆ ಬಂದಿದೆಯೇ ನೋಡಿ. ಅಂದಾಜಿನಲ್ಲಿ ಕೈ ಹಾಕುವಂತಿಲ್ಲ.

ಮನೆಯಲ್ಲಿ ಆರ್‌ಸಿಸಿಬಿ ಇದೆ, ಹೆದರಬೇಕಿಲ್ಲ ಎನ್ನುವವರಿಗೆ ಒಂದು ಮಾತು. ಕರೆಂಟು ನಿಮ್ಮ ಮೈಮೂಲಕ ನೆಲಕ್ಕೆ ಸೋರಿದರೆ ಅದು ಟ್ರಿಪ್ ಆಗುತ್ತದೆ. ಎರಡು ಕೈ ಎರಡು ತಂತಿ ಮುಟ್ಟಿದರೆ ಅದಕ್ಕೆ ನೀವೂ ಒಂದು ಬಲ್ಬಿನಂತೆಯೇ ಕಾಣುತ್ತೀರಿ, ಅದು ಟ್ರಿಪ್ ಆಗುವುದಿಲ್ಲ.

ಸೀರೀಸ್ ಬಲ್ಬ್: ಅಜ್ಜನ ಕಾಲದ ಉಪಾಯ, ಇಂದಿಗೂ ಸರಿಸಾಟಿಯಿಲ್ಲ

ವರ್ಷಗಟ್ಟಲೆ ಕರೆಂಟು ಕಾಣದ ಸೆಟ್ಟಿಗೆ ನೇರವಾಗಿ ಪೂರ್ತಿ ಕರೆಂಟು ಕೊಡುವುದು ಜೂಜು. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಅದು ತಿಳಿಯುವ ಹೊತ್ತಿಗೆ ಇನ್ನೂ ನಾಲ್ಕು ಭಾಗ ಸುಟ್ಟಿರುತ್ತವೆ. ಇದಕ್ಕೆ ನಮ್ಮ ಎಲೆಕ್ಟ್ರಿಷಿಯನ್ನರ ಬಳಿ ಸೀರೀಸ್ ಬೋರ್ಡ್ ಎಂಬ ಸರಳ ಸಾಧನವಿದೆ. ಕರೆಂಟು ಬರುವ ಫೇಸ್ ತಂತಿಯ ದಾರಿಯಲ್ಲಿ ಒಂದು ಬುರುಡೆ ಬಲ್ಬ್ ಇಟ್ಟು, ಅದರ ಮೂಲಕವೇ ಸೆಟ್ಟಿಗೆ ಕರೆಂಟು ಹೋಗುವಂತೆ ಮಾಡುವುದು.

ಇದು ಕೆಲಸ ಮಾಡುವ ರೀತಿ ಚೆನ್ನಾಗಿದೆ. 100 ವ್ಯಾಟಿನ ಬುರುಡೆ ಬಲ್ಬಿನ ತಂತಿ ಉರಿಯುವಾಗ ಅದರ ತಡೆ ಸುಮಾರು 530 ಓಮ್. ತಣ್ಣಗಿರುವಾಗ ಅದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಸೆಟ್ ಸರಿಯಿದ್ದರೆ ಸ್ವಲ್ಪವೇ ಕರೆಂಟು ಎಳೆಯುತ್ತದೆ, ಬಲ್ಬು ತಣ್ಣಗೇ ಉಳಿದು ಸೆಟ್ಟಿಗೆ ದಾರಿ ಬಿಡುತ್ತದೆ. ಸೆಟ್ಟಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಹೊತ್ತಿಕೊಂಡು ತಡೆಯೊಡ್ಡುತ್ತದೆ. ಆಗ ಅರ್ಧ ಆಂಪಿಯರ್‌ಗಿಂತ ಹೆಚ್ಚು ಹರಿಯಲು ಸಾಧ್ಯವೇ ಇಲ್ಲ. ಎಲ್‌ಇಡಿ ಬಲ್ಬ್, ಸಿಎಫ್‌ಎಲ್‌ನಲ್ಲಿ ಈ ಗುಣವಿಲ್ಲ. ಅವುಗಳನ್ನು ಹಾಕಿ "ಬಲ್ಬು ಉರೀತಿಲ್ಲ, ಸೆಟ್ ಸರಿ ಇದೆ" ಎಂದುಕೊಂಡರೆ ಕೆಟ್ಟಿರಿ. ತಂತಿ ಕೆಂಪಗಾಗಿ ಉರಿಯುವ ಹಳೇ ಮಾದರಿಯೇ ಬೇಕು, 60 ಅಥವಾ 100 ವ್ಯಾಟ್.

ಸ್ಪೀಕರ್‌ಗಳನ್ನು ಬಿಚ್ಚಿಟ್ಟು, ವಾಲ್ಯೂಮ್ ಸೊನ್ನೆಗೆ ಇಳಿಸಿ ಸ್ವಿಚ್ ಹಾಕಿ. ಬಲ್ಬು ಒಮ್ಮೆ ಫಳ್ ಎಂದು ಮಿಂಚಿ, ಒಂದೆರಡು ಸೆಕೆಂಡಿನಲ್ಲಿ ಮಂಕಾದರೆ ಶುಭಸೂಚನೆ. ಆ ಮಿಂಚು ಕೆಪಾಸಿಟರ್‌ಗಳು ತುಂಬಿಕೊಂಡದ್ದು. ಬಲ್ಬು ಪ್ರಕಾಶಮಾನವಾಗಿಯೇ ಉಳಿದರೆ ಕೂಡಲೇ ಪ್ಲಗ್ ಕೀಳಿ, ಒಳಗೆ ಶಾರ್ಟ್ ಇದೆ. ಸ್ಟೆಪ್‌ಡೌನ್ ಬಳಸುವವರು ಬಲ್ಬನ್ನು ಅದರ ಮೊದಲು, ಅಂದರೆ 230 ವೋಲ್ಟಿನ ಕಡೆಗೆ ಇಡಬೇಕು. ಬಲ್ಬಿನ ಮೂಲಕ ಓಡುವಾಗ ವೋಲ್ಟೇಜ್ ಸ್ವಲ್ಪ ಕಡಿಮೆ ಇರುವುದರಿಂದ ಸೆಟ್ಟಿನ ರಿಲೇ ಟಿಕ್ ಎನ್ನದೇ ಇರಬಹುದು, ಗಾಬರಿ ಬೇಡ.

ಈ ಬೋರ್ಡನ್ನು ನೀವೇ ಮಾಡಬೇಕೆಂದಿಲ್ಲ. ಮನೆ ವೈರಿಂಗ್ ಮಾಡುವವರಿಗೆ ಹೇಳಿದರೆ ಸುಲಭವಾಗಿ ಜೋಡಿಸಿಕೊಡುತ್ತಾರೆ. ತಂತಿ ತೆರೆದಿರದಂತೆ ಮರ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರವಾಗಿರಲಿ. ಇನ್ನು ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವುದು, ದಪ್ಪ ತಂತಿ ಬಿಗಿಯುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಫ್ಯೂಸ್ ಹೋದದ್ದು ಏನೋ ತಪ್ಪಾಗಿದೆ ಎಂಬ ಸುದ್ದಿ ಹೇಳಲು. ಸುದ್ದಿ ತಂದವನ ಬಾಯಿ ಮುಚ್ಚಿಸಿದರೆ ಬೆಂಕಿಯೇ ಬಂದು ಹೇಳುತ್ತದೆ.

ಡಬ್ಲ್ಯೂಡಿ-40 ಹಾಕಬಹುದೇ?

ಹಳೆಯ ಸೆಟ್ಟುಗಳ ದೂರುಗಳಲ್ಲಿ ಹೆಚ್ಚಿನವು ಬರೀ ಕೊಳೆ. ವಾಲ್ಯೂಮ್ ತಿರುಗಿಸಿದಾಗ ಕರಕರ, ಒಂದು ಕಡೆಯ ಸ್ಪೀಕರ್ ಬಂದು ಹೋಗುವುದು, ಸ್ವಿಚ್ ಒತ್ತಿದಾಗ ಪಟಪಟ. ಇವೆಲ್ಲ ಒಳಗಿನ ಲೋಹದ ಸಂಪರ್ಕಗಳ ಮೇಲೆ ಕಟ್ಟಿದ ಕಿಲುಬು, ಧೂಳಿನ ಕೆಲಸ. ಕರಾವಳಿಯ ತೇವದ ಗಾಳಿಯಲ್ಲಿ ಇದು ಇನ್ನೂ ಹೆಚ್ಚು.

ಸಾಮಾನ್ಯ ಡಬ್ಲ್ಯೂಡಿ-40 ಅನ್ನು ರೂಪಿಸಿದ್ದು ತೇವ ಓಡಿಸಿ ತುಕ್ಕು ತಡೆಯಲು. ಹೊಡೆದ ಕೂಡಲೇ ಕರಕರ ನಿಲ್ಲುವುದೂ ಉಂಟು, ಅದಕ್ಕೇ ಈ ಸಲಹೆ ಇಷ್ಟು ಹರಿದಾಡುತ್ತದೆ. ಆದರೆ ಅದು ನಾಬ್‌ನ ಒಳಗಿನ ಗ್ರೀಸ್ ತೊಳೆದು, ಎಣ್ಣೆಯ ಪದರ ಬಿಡುತ್ತದೆ. ಆ ಪದರಕ್ಕೆ ಧೂಳು ಅಂಟಿ ಕೆಲವು ತಿಂಗಳಲ್ಲಿ ಮೊದಲಿಗಿಂತ ಕೆಡುತ್ತದೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಎಂದೇ ಮಾರುವ ಸ್ಪ್ರೇಗಳಿವೆ, ಅದೇ ಕಂಪನಿಯೂ ಒಂದನ್ನು ಬೇರೆಯಾಗಿ ಮಾಡುತ್ತದೆ. ಅದನ್ನು ಬಳಸಿ. ಸೀಮೆಎಣ್ಣೆ, ಪೆಟ್ರೋಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ.

ಪ್ಲಗ್ ಕಿತ್ತು, ನಾಬ್‌ನ ಹಿಂದಿನ ಡಬ್ಬಿಯ ಸಣ್ಣ ಸಂದಿಯಲ್ಲಿ ಸ್ವಲ್ಪವೇ ಸ್ಪ್ರೇ ಮಾಡಿ, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಪೂರ್ತಿ ಒಣಗುವ ತನಕ ಕರೆಂಟು ಕೊಡಬಾರದು. ಸ್ಟೇಷನ್ ಬದಲಿಸುವಾಗ ತಿರುಗುವ ತೆಳು ತಗಡುಗಳ ಗುಂಪು, ಅದರ ಪಕ್ಕದ ಸಣ್ಣ ಸುರುಳಿಗಳನ್ನು ಮುಟ್ಟಲೇಬೇಡಿ. ಒಂದು ತಗಡು ಸ್ವಲ್ಪ ಬಾಗಿದರೂ ಸ್ಟೇಷನ್‌ಗಳು ಡಯಲ್ ಮೇಲೆ ಜಾಗ ಬದಲಿಸುತ್ತವೆ. ಬಣ್ಣ ಹಚ್ಚಿದ ತಿರುಪುಗಳನ್ನು "ಸಡಿಲವಾಗಿದೆ" ಎಂದು ಬಿಗಿ ಮಾಡುವುದು ಇನ್ನೊಂದು ಅನಾಹುತ. ಅವು ಟ್ಯೂನರಿನ ಹೊಂದಾಣಿಕೆ. ಕೆಡಿಸಿದರೆ ಸರಿಮಾಡಲು ಸಿಗ್ನಲ್ ಜನರೇಟರ್ ಬೇಕಾಗುತ್ತದೆ.

ಮುಂಭಾಗದ ಗಾಜಿನ ಒಳಮೈ ಮೇಲೆ ಸ್ಪಿರಿಟ್ ಅಥವಾ ಗಾಜು ಒರೆಸುವ ದ್ರವ ಹಾಕಿದರೆ ಅಂಕಿಗಳು ಬಟ್ಟೆಗೆ ಬರುತ್ತವೆ. ಒಣ ಮೆತ್ತನೆ ಬಟ್ಟೆ ಸಾಕು. ಒಳಗೆ ಇಲಿ ಓಡಾಡಿದ ಗುರುತಿದ್ದರೆ ಮಾಸ್ಕ್ ಧರಿಸಿ, ಒಣದಾಗಿ ಗುಡಿಸದೆ ಸೋಂಕುನಾಶಕ ಹಾಕಿ ಒದ್ದೆ ಮಾಡಿದ ಟಿಶ್ಯೂವಿನಿಂದ ತೆಗೆಯಿರಿ.

"ಎಲ್ಲ ಕೆಪಾಸಿಟರ್ ಬದಲಿಸಲೇಬೇಕು" ನಿಜವೇ?

ಪೂರ್ತಿ ನಿಜವಲ್ಲ. ಹಳೆಯ ಸೆಟ್ಟಿನಲ್ಲಿ ವಯಸ್ಸಾಗುವುದು ಎಲೆಕ್ಟ್ರೋಲಿಟಿಕ್ ಎಂಬ ಬಗೆಯ ಕೆಪಾಸಿಟರ್. ಅದರೊಳಗೆ ಅಲ್ಯೂಮಿನಿಯಂ ಹಾಳೆ, ದ್ರವದಲ್ಲಿ ನೆನೆಸಿದ ಕಾಗದ ಸುತ್ತಿಕೊಂಡಿರುತ್ತದೆ. ದ್ರವ ನಿಧಾನಕ್ಕೆ ಆರುತ್ತದೆ ಅಥವಾ ಸೋರುತ್ತದೆ. ಆಗ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು, ಮಂದ್ರ ಸ್ವರಗಳ ಸೊರಗು, ಒಂದು ಚಾನೆಲ್ ಮೆಲ್ಲಗಾಗುವುದು ಕಾಣುತ್ತದೆ. ಚಪ್ಪಟೆ ಬಿಲ್ಲೆಯಂಥ ಸೆರಾಮಿಕ್, ಫಿಲ್ಮ್ ಕೆಪಾಸಿಟರ್‌ಗಳಲ್ಲಿ ಆರಲು ದ್ರವವೇ ಇಲ್ಲ. ಅವುಗಳನ್ನು ಸುಮ್ಮನೆ ಬದಲಿಸುವುದು ಹಣ ಮತ್ತು ಬೋರ್ಡ್ ಎರಡೂ ಹಾಳು. ಬಿಸಿ ತಗುಲಿದಷ್ಟೂ ಹಳೆಯ ಬೋರ್ಡಿನ ತಾಮ್ರದ ಗೆರೆ ಏಳುತ್ತದೆ.

ಇನ್ನೊಂದು ವಿಷಯ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಆ ಕಾಲದ ಜಪಾನಿ ಸೆಟ್ಟುಗಳಲ್ಲಿ ದೊಡ್ಡ ಭಾಗಗಳು ಅಲುಗದಂತೆ ಹಚ್ಚಿದ ಒಂದು ಅಂಟು ಇದೆ. ಹೊಸದಿದ್ದಾಗ ಹಳದಿ ಮಿಶ್ರಿತ ಬಿಳಿ. ಬಿಸಿಗೆ ವರ್ಷಗಳಲ್ಲಿ ಕಂದು, ಕಪ್ಪಾಗುತ್ತದೆ. ಕಪ್ಪಾದ ಅಂಟು ತಂತಿಯನ್ನು ತಿನ್ನುತ್ತದೆ, ವಿದ್ಯುತ್ತನ್ನೂ ಸ್ವಲ್ಪ ಹರಿಯಬಿಡುತ್ತದೆ. ಕೆಪಾಸಿಟರ್ ಸೋರಿದೆ ಎಂದು ಹಲವರು ತಿಳಿಯುವುದು ಇದನ್ನೇ. ಮರದ ಕಡ್ಡಿಯಿಂದ ತಾಳ್ಮೆಯಾಗಿ ಕೆರೆದು ತೆಗೆಯಬೇಕು. ನಮ್ಮ ಅಭಿಪ್ರಾಯದಲ್ಲಿ ಕೆಪಾಸಿಟರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು.

ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ತಾಳುವಂಥದ್ದು ಉತ್ತಮ. ಪ್ಲಸ್-ಮೈನಸ್ ತಿರುವಾದರೆ ಸಿಡಿಯುತ್ತದೆ, ಆದ್ದರಿಂದ ಮೊದಲು ಫೋಟೋ, ಆಮೇಲೆ ಒಂದೊಂದಾಗಿ ತೆಗೆದು ಒಂದೊಂದಾಗಿ ಹಾಕುವುದು. ಒಂದು ಬೋರ್ಡ್ ಮುಗಿದ ಮೇಲೆ ಸೀರೀಸ್ ಬಲ್ಬಿನಲ್ಲಿ ಓಡಿಸಿ ನೋಡಿಯೇ ಇನ್ನೊಂದಕ್ಕೆ ಹೋಗಬೇಕು. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿ ಬೆಳಿಗ್ಗೆ ಸೆಟ್ ಮಾತಾಡದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸಾಸಿವೆ ಹುಡುಕಿದಂತೆ. ಮನೆಯ ಕರೆಂಟು ನೇರವಾಗಿ ಬರುವ ಪವರ್ ಸ್ವಿಚ್ಚಿಗೆ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅಲ್ಲಿಗೆ ಮಾತ್ರ ಎಕ್ಸ್2 ಎಂದು ಗುರುತಿರುವ ಸುರಕ್ಷತಾ ಬಗೆಯೇ ಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂಥ ಭಾಗಗಳು ಸಿಗುತ್ತವೆ. ನಕಲಿಯೂ ಇರಬಹುದು. ನಕಲಿ ಹೆಚ್ಚು ಕಾಡುವುದು ಔಟ್‌ಪುಟ್ ಟ್ರಾನ್ಸಿಸ್ಟರ್ ಮತ್ತು ಎಸ್‌ಟಿಕೆ ಸರಣಿಯ ಆಂಪ್ಲಿಫೈಯರ್ ಪ್ಯಾಕ್‌ಗಳಲ್ಲಿ. ಉದಾಹರಣೆಗೆ ಪಯೋನಿಯರ್ ಎಸ್‌ಎಕ್ಸ್-780ರಲ್ಲಿ ಬಿಡಿ ಟ್ರಾನ್ಸಿಸ್ಟರ್‌ಗಳ ಬದಲು ಎಸ್‌ಟಿಕೆ-0050 ಎಂಬ ಪ್ಯಾಕ್‌ಗಳಿವೆ. ಈಗ ಅವುಗಳ ತಯಾರಿಕೆಯಿಲ್ಲ. 'ಹೊಚ್ಚ ಹೊಸದು, ಒರಿಜಿನಲ್' ಎಂದು ಅಗ್ಗಕ್ಕೆ ಸಿಕ್ಕರೆ ಅನುಮಾನಪಡಿ.

ದುಬಾರಿ 'ಆಡಿಯೋ ಗ್ರೇಡ್' ಭಾಗ ಹಾಕಿದರೆ ದನಿ ಬೇರೆಯಾಗುತ್ತದೆ ಎನ್ನುವವರಿಗೂ ಕೊರತೆಯಿಲ್ಲ. 1987ರಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ, ಅಗ್ಗದ ಒಂದು ಪಯೋನಿಯರ್ ರಿಸೀವರ್‌ನಿಂದ ಹಿಡಿದು ಸಾವಿರಾರು ಡಾಲರಿನ ಆಂಪ್ಲಿಫೈಯರ್ ತನಕ ಹಲವನ್ನು ಕೇಳುಗರಿಗೆ ಹೆಸರು ಹೇಳದೆ ಕೇಳಿಸಿತು. ಯಾವುದು ಯಾವುದೆಂದು ಅವರು ನೆಚ್ಚುವಂತೆ ಗುರುತಿಸಲಾಗಲಿಲ್ಲ. ಇಡೀ ಆಂಪ್ಲಿಫೈಯರಿನದೇ ಹೀಗಾದರೆ ಒಂದು ಕೆಪಾಸಿಟರಿನ ಬಗ್ಗೆ ಏನು ಹೇಳುವುದು! ಒಳ್ಳೆಯ ಕಂಪನಿಯ ಸಾಧಾರಣ ಕೆಪಾಸಿಟರ್ ಸಾಕು.

ಬೆಸುಗೆಯ ಹೊಗೆಯಲ್ಲಿ ಸೀಸ ಇರುತ್ತದೆಯೇ?

ಹೊಗೆ ಬರುವುದು ಬೆಸುಗೆ ತಂತಿಯೊಳಗಿನ ರಾಳದಿಂದ. ಐರನ್ನಿನ ತುದಿ 350 ಡಿಗ್ರಿ ಆಸುಪಾಸು ಇರುತ್ತದೆ, ಸೀಸ ಕುದಿಯಲು 1,749 ಡಿಗ್ರಿ ಬೇಕು. ಹಾಗೆಂದು ಹೊಗೆ ನಿರಪಾಯವಲ್ಲ, ರಾಳದ ಹೊಗೆ ಆಸ್ತಮಾ ಕೆರಳಿಸುತ್ತದೆ. ಕಿಟಕಿ ತೆರೆದು, ಫ್ಯಾನ್ ಹೊಗೆಯನ್ನು ಮುಖದಿಂದ ಆಚೆ ತಳ್ಳುವಂತೆ ಇಡಿ. ಸೀಸ ದೇಹ ಸೇರುವುದು ಕೈಯಿಂದ ಬಾಯಿಗೆ. ಕೆಲಸದ ಮಧ್ಯೆ ಚಹಾ, ಬಿಸ್ಕತ್ತು, ಎಲೆಅಡಿಕೆ ಬೇಡ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಚಿಕ್ಕ ಮಕ್ಕಳು, ಗರ್ಭಿಣಿಯರು ಆ ಕೋಣೆಯಲ್ಲಿ ಇರದಿದ್ದರೆ ಒಳ್ಳೆಯದು.

ಸ್ಪೀಕರ್ ಜೋಡಿಸುವ ಮೊದಲು ಒಂದು ಅಳತೆ

ಸೀರೀಸ್ ಬಲ್ಬ್ ದಾಟಿ, ನೇರ ಕರೆಂಟಿನಲ್ಲೂ ಸೆಟ್ ಸುಮ್ಮನೆ ನಿಂತಿದೆ ಎನ್ನೋಣ. ಕೆಲವು ಸೆಕೆಂಡಿನ ಮೇಲೆ ಒಳಗಿನ ರಿಲೇ ಟಿಕ್ ಎನ್ನಬೇಕು. ಈಗ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು, ಸ್ಪೀಕರ್ ತುದಿಗಳಲ್ಲಿ ಅಳೆಯಿರಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, 50 ಮಿಲಿವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಜೋಡಿಸಬೇಡಿ.

ರಿಲೇ ಟಿಕ್ ಎನ್ನದೇ ಇದ್ದರೆ ಹೆಚ್ಚಾಗಿ ಅದು ಕೆಟ್ಟಿರುವುದಿಲ್ಲ. ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ 40 ವೋಲ್ಟ್ ನೇರ ವಿದ್ಯುತ್ ಹೊರಗೆ ಬರುತ್ತಿದ್ದರೆ, 8 ಓಮ್ ಸ್ಪೀಕರಿನ ಮೇಲೆ ಅದು 200 ವ್ಯಾಟ್ ಬಿಸಿ. ಸ್ಪೀಕರಿನ ಸುರುಳಿ ಕ್ಷಣಗಳಲ್ಲಿ ಸುಡುತ್ತದೆ, ಹೊತ್ತಿಕೊಳ್ಳಲೂಬಹುದು. ಅದನ್ನು ತಡೆದು ನಿಂತ ರಿಲೇಯನ್ನು ತಂತಿ ಕಟ್ಟಿ ದಾಟಿಸಿ ಎನ್ನುವ ರೀಲ್ ನಿಮ್ಮ ಗ್ರೂಪಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಮೆಲ್ಲಗೆ ಕೇಳುವಾಗ ಒಂದು ಚಾನೆಲ್ ಮಾಯವಾಗಿ, ದನಿ ಏರಿಸಿದಾಗ ಮರಳಿ ಬಂದರೆ ಮಾತ್ರ ರಿಲೇಯ ಸಂಪರ್ಕಗಳು ಕಪ್ಪಾಗಿವೆ ಎಂದು ಶಂಕಿಸಬಹುದು. ಆಗ ಕ್ಲೀನರ್ ಹಚ್ಚಿದ ಕಾಗದದ ಪಟ್ಟಿ ನಡುವೆ ಎಳೆದರೆ ಸಾಕು. ಉಪ್ಪುಕಾಗದ ಉಜ್ಜಿದರೆ ಬೆಳ್ಳಿಯ ಲೇಪ ಹೋಗುತ್ತದೆ.

ಟ್ರಾನ್ಸಿಸ್ಟರಿನ ಬಯಸ್ ಹೊಂದಿಸುವುದು ಆ ಮಾದರಿಯ ಸರ್ವಿಸ್ ಮ್ಯಾನುಯಲ್ ಕೈಯಲ್ಲಿದ್ದರೆ ಮಾತ್ರ. ಮೀಟರಿನ ಕ್ಲಿಪ್‌ಗಳನ್ನು ಸೆಟ್ ಆಫ್ ಇದ್ದಾಗಲೇ, ಚಾರ್ಜ್ ಖಾಲಿಯಾದ ಮೇಲೆ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ. ಓಡುತ್ತಿರುವ ಸೆಟ್ಟಿನಲ್ಲಿ ಮೊನೆ ಜಾರಿದರೆ ಕಣ್ಣು ಮಿಟುಕಿಸುವುದರೊಳಗೆ ಟ್ರಾನ್ಸಿಸ್ಟರ್ ಹೋಗಿರುತ್ತದೆ.

ರೇಡಿಯೋ ಹಿಡಿಯುತ್ತದೆಯೇ?

ಅಮೆರಿಕ, ಗಲ್ಫ್‌ನಿಂದ ಬಂದ ಸೆಟ್ಟುಗಳ ಎಫ್‌ಎಂ ಡಯಲ್ 88ರಿಂದ 108. ನಮ್ಮ ಎಲ್ಲ ಎಫ್‌ಎಂ ಸ್ಟೇಷನ್‌ಗಳೂ ಅದರೊಳಗೆ ಬರುತ್ತವೆ. ಬೆಂಗಳೂರಿನಲ್ಲಿ 102.9ರ ವಿವಿಧ ಭಾರತಿ, ಮೈಸೂರಿನಲ್ಲಿ 100.6ರ ಆಕಾಶವಾಣಿ ಆರಾಮವಾಗಿ ಸಿಗಬೇಕು. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಸೆಟ್ ಆಗಿದ್ದರೆ ಡಯಲ್ 76ರಿಂದ 90ಕ್ಕೆ ಮುಗಿಯುತ್ತದೆ, ಇವೆರಡೂ ಸಿಗುವುದಿಲ್ಲ. ಕೊಳ್ಳುವ ಮೊದಲು ಗಾಜಿನ ಮೇಲಿನ ಅಂಕಿ ನೋಡಿ.

ಅಮೆರಿಕದ ಸೆಟ್ಟಿನಲ್ಲಿ ಎಫ್‌ಎಂ ಸ್ವಲ್ಪ ಮಂಕಾಗಿ, ತಾಳದ ಝಣಝಣ ಕಡಿಮೆಯಾದಂತೆ ಕೇಳಬಹುದು. ಅದು ದೋಷವಲ್ಲ. ಎಫ್‌ಎಂನಲ್ಲಿ ತಾರ ಸ್ವರಗಳನ್ನು ಏರಿಸಿ ಕಳಿಸಿ, ರೇಡಿಯೋದಲ್ಲಿ ಅಷ್ಟೇ ಇಳಿಸುತ್ತಾರೆ. ಆ ಇಳಿಸುವ ಅಳತೆ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ನಮ್ಮಲ್ಲಿ 50. ಟ್ರೆಬಲ್ ನಾಬ್ ಒಂದೆರಡು ಗೆರೆ ಏರಿಸಿದರೆ ಸಾಕು. ಕೆಲವು ಸೆಟ್ಟುಗಳ ಹಿಂದೆ ಇದಕ್ಕೆಂದೇ 50/75 ಎಂಬ ಸಣ್ಣ ಸ್ವಿಚ್ ಇರುತ್ತದೆ.

ಟ್ರಾನ್ಸ್‌ಫಾರ್ಮರ್ ಸುಟ್ಟ, ಬೋರ್ಡು ಕರಕಲಾದ ಸೆಟ್ಟಿಗೆ ಹಣ ಸುರಿಯುವುದು ಬೇಡ. ಗುಜರಿಗೂ ಬೇಡ. ಅದೇ ಮಾದರಿ ಇಟ್ಟುಕೊಂಡ ಇನ್ನೊಬ್ಬರು ಅದರ ನಾಬ್, ಡಯಲ್ ಗಾಜು, ಮೀಟರ್‌ಗಳನ್ನು ಹುಡುಕುತ್ತಿರುತ್ತಾರೆ. ಅವು ಈಗ ಹೊಸದಾಗಿ ಎಲ್ಲೂ ತಯಾರಾಗುವುದಿಲ್ಲ. ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ, ಬೆಸುಗೆಯಲ್ಲಿ ಸೀಸ ಇರುವುದರಿಂದ ಸುಡುವುದಾಗಲಿ ಹಿತ್ತಲಲ್ಲಿ ಹೂಳುವುದಾಗಲಿ ಮಾಡಬೇಡಿ.